ಕಸದ ಗಾಡಿ ಎಷ್ಟು ಗಂಟೆಗೆ?

ಬೆಂಗಳೂರಿನ ಬಡಾವಣೆಗಳಲ್ಲಿ ಕಸದ ಗಾಡಿ ಬಂತೆಂದು ಗೊತ್ತಾಗುವುದು ಅದರ ಹಾಡಿನಿಂದ. ಹಸಿ ಕಸ ಬೇರೆ, ಒಣ ಕಸ ಬೇರೆ ಎಂದು ಧ್ವನಿವರ್ಧಕದಲ್ಲಿ ಕೂಗಿಕೊಂಡು ಆಟೊ ಟಿಪ್ಪರ್ ಅಡ್ಡರಸ್ತೆಗೆ ತಿರುಗಿತೆಂದರೆ ಒಂದೊಂದೇ ಗೇಟು ಕಿರುಗುಟ್ಟುತ್ತದೆ. ತಳ್ಳುಗಾಡಿಯ ಕಾಲದಲ್ಲಿ ಪೌರಕಾರ್ಮಿಕರ ಸೀಟಿ ಈ ಕೆಲಸ ಮಾಡುತ್ತಿತ್ತು. ತೈವಾನಿನಲ್ಲಿ ಕಸದ ಲಾರಿಗಳು ಬೀಥೋವನ್ ರಚಿಸಿದ ‘ಫ್ಯೂರ್ ಎಲೀಸ್’ ನುಡಿಸಿಕೊಂಡು ಬರುತ್ತವೆ. ಅದು ಕೇಳಿಸಿದ ಕೂಡಲೇ ಜನ ಚೀಲ ಹಿಡಿದು ರಸ್ತೆಗಿಳಿಯುತ್ತಾರೆ.

ಕಣ್ಣು ಕಾಣದವರಿಗೆ ಈ ಪದ್ಧತಿ ಚೆನ್ನಾಗಿ ಒಗ್ಗಿತ್ತು. ಯಾರನ್ನೂ ಕೇಳಬೇಕಿರಲಿಲ್ಲ. ಕಿವಿ ಕೇಳದವರು ಮಾತ್ರ ಮೊದಲಿನಿಂದಲೂ ಹೊರಗೇ ಉಳಿದರು; ಕಿಟಕಿಯ ಬಳಿ ಕಾಯುವುದು, ಪಕ್ಕದ ಮನೆಯವರು ಡಬ್ಬಿ ತೆಗೆದರೆ ತಾವೂ ತೆಗೆಯುವುದು ಅವರ ಪಾಡಾಗಿತ್ತು. ಸೇವೆ ಮೊಬೈಲಿಗೆ, ಕಂಪ್ಯೂಟರಿಗೆ ಬಂದಾಗ ಇಬ್ಬರಿಗೂ ಅನುಕೂಲವಾಗಬೇಕಿತ್ತು. ಅಕ್ಷರದಲ್ಲಿ ಬಂದ ಮಾಹಿತಿಯನ್ನು ಒಬ್ಬರು ಓದಿಕೊಳ್ಳಬಹುದು, ಇನ್ನೊಬ್ಬರ ಫೋನು ಅದನ್ನು ಗಟ್ಟಿಯಾಗಿ ಓದಿ ಹೇಳಬಹುದು. ಅಷ್ಟು ಸಾಧ್ಯತೆ ಕೈಯಲ್ಲಿದ್ದೂ ಕಸ ಸಂಗ್ರಹಿಸುವ ಸಂಸ್ಥೆಗಳ ವೆಬ್‌ಸೈಟುಗಳನ್ನು ತೆರೆದು ನೋಡಿದರೆ ಸಂಕಟವಾಗುತ್ತದೆ. ಕಿವಿ ಕೇಳದವರಿಗೆ ಅಲ್ಲಿರುವುದು ಒಂದು ಫೋನ್ ನಂಬರು. ಕಣ್ಣು ಕಾಣದವರಿಗೆ ಇರುವುದು ಒಂದು ಪೋಸ್ಟರಿನ ಫೋಟೊ.

ಕಸದ ವೆಬ್‌ಸೈಟಿಗೆ ಯಾರು ಹೋಗುತ್ತಾರೆ ಎಂದು ಕೇಳುವವರಿದ್ದಾರೆ. ಹೋಗದೆ ವಿಧಿಯಿಲ್ಲದ ಕಾಲ ಬಂದಿದೆ. ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಕಸಕ್ಕೂ ಬಳಕೆದಾರರ ಶುಲ್ಕ ಬಂತು. ಕಟ್ಟಡದ ವಿಸ್ತೀರ್ಣ ನೋಡಿ ಲೆಕ್ಕ ಹಾಕುವ ಅದನ್ನು ಆಸ್ತಿ ತೆರಿಗೆಯ ಜೊತೆ ಕಟ್ಟಬೇಕು. ಗಾಡಿ ಬರಲಿಲ್ಲವೆಂದು ದೂರು ಕೊಡುವುದು, ಹಳೆಯ ಹಾಸಿಗೆ, ಮುರಿದ ಸೋಫಾ ಒಯ್ಯಲು ಹೇಳುವುದು, ಒಣ ಕಸದ ದಿನ ಯಾವುದೆಂದು ತಿಳಿಯುವುದು ಎಲ್ಲವೂ ಒಂದೊಂದಾಗಿ ಪರದೆಗೆ ಸರಿಯುತ್ತಿವೆ. ದೊಡ್ಡ ಅಪಾರ್ಟ್‌ಮೆಂಟುಗಳ ಕಸವನ್ನು ಖಾಸಗಿ ಸಂಸ್ಥೆಗಳು ಒಯ್ಯುತ್ತವೆ. ಅವುಗಳಿಗೂ ತಮ್ಮದೇ ವೆಬ್‌ಸೈಟು, ಆ್ಯಪು, ಬಿಲ್ಲು.

ಗಾಡಿ ತಪ್ಪಿದರೆ ನಮ್ಮಲ್ಲಿ ಹೆಚ್ಚಿನವರು ಚಪ್ಪಲಿ ಮೆಟ್ಟಿ ಅದರ ಹಿಂದೆ ಓಡುತ್ತೇವೆ. ಮುಂದಿನ ಅಡ್ಡರಸ್ತೆಯಲ್ಲಿ ಹಿಡಿಯುತ್ತೇವೆ. ಗಾಲಿಕುರ್ಚಿಯಲ್ಲಿ ಇರುವವರು, ಬಿಳಿಕೋಲು ಹಿಡಿದು ನಡೆಯುವವರು ಓಡಲಾರರು. ಲಿಫ್ಟ್ ಇಲ್ಲದ ಎರಡನೇ ಮಹಡಿಯಿಂದ ಡಬ್ಬಿ ಹಿಡಿದು ಇಳಿಯುವುದೇ ಅವರಿಗೆ ಒಂದು ದೊಡ್ಡ ಕೆಲಸ. ಇನ್ನೊಂದು ಸಂಗತಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬೆನ್ನುಹುರಿಗೆ ಪೆಟ್ಟಾದವರು, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು, ಹಾಸಿಗೆ ಹಿಡಿದ ವೃದ್ಧರು ಇರುವ ಮನೆಗಳಲ್ಲಿ ಡಯಾಪರ್, ಕ್ಯಾತಿಟರ್, ಮೂತ್ರದ ಚೀಲ, ಗಾಯಕ್ಕೆ ಕಟ್ಟಿದ ಬಟ್ಟೆ ದಿನವೂ ಸೇರುತ್ತವೆ. ಎರಡು ದಿನ ಗಾಡಿ ಬರದಿದ್ದರೆ ಬೇರೆಯವರ ಮನೆಯಲ್ಲಿ ತರಕಾರಿ ಸಿಪ್ಪೆ ಕೊಳೆಯುತ್ತದೆ, ಇವರ ಮನೆಯಲ್ಲಿ ಉಸಿರಾಡುವುದೇ ಕಷ್ಟವಾಗುತ್ತದೆ. ಕಸದ ಗಾಡಿಯ ವೇಳೆ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರಿಗೇ ಅದು ಸಿಗದಂತೆ ಪುಟ ಕಟ್ಟಿದ್ದೇವೆ. ನನ್ನನ್ನು ಈ ಲೇಖನ ಬರೆಯಲು ಕೂರಿಸಿದ್ದು ಇದೇ ವಿಷಯ.

ನಮ್ಮ ಕಡೆ ಹಿರಿಯರೊಬ್ಬರಿದ್ದಾರೆ. ಬ್ಯಾಂಕಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತರಾದವರು, ಹುಟ್ಟಿನಿಂದ ಕಣ್ಣು ಕಾಣದು. ಅವರ ಪತ್ನಿಗೆ ಮಂಡಿನೋವು, ಹಾಗಾಗಿ ಕಸ ಇಳಿಸುವುದು ಇವರ ಪಾಲಿನ ಕೆಲಸ. ‘ಗಾಡಿ ಬಂದಮೇಲೆ ಇಳಿದ್ರೆ ಆಗಲ್ಲ ಸರ್, ಬರೋಕೆ ಮುಂಚೆನೇ ಕೆಳಗಿರಬೇಕು. ಅದಕ್ಕೇ ನನಗೆ ಟೈಮ್ ಬೇಕು’ ಎನ್ನುತ್ತಾರೆ. ವೇಳೆ ಬದಲಾಗಿದೆ, ವಿವರ ವೆಬ್‌ಸೈಟಿನಲ್ಲಿದೆ ಎಂದು ಗಾಡಿಯವರು ಹೇಳಿದ್ದರು. ಗುತ್ತಿಗೆ ಹಿಡಿದ ಸಂಸ್ಥೆಯ ಪುಟವನ್ನು ಅವರು ಲ್ಯಾಪ್‌ಟಾಪಿನಲ್ಲಿ ತೆರೆದಾಗ ನಾನು ಪಕ್ಕದಲ್ಲಿ ಕುಳಿತಿದ್ದೆ.

ಅವರು ಬಳಸುವುದು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್. ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ ಅದು. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಅದನ್ನು ಬರೆಯಲು ಆರಂಭಿಸಿದರು, ಗೆಳೆಯ ಜೇಮ್ಸ್ ಟೆ ಕೈಜೋಡಿಸಿದರು. ಇಬ್ಬರಿಗೂ ಕಣ್ಣು ಕಾಣದು. ದುಬಾರಿ ತಂತ್ರಾಂಶ ಕೊಳ್ಳಲಾಗದವರಿಗೂ ಸಿಗಲೆಂದು ಅದನ್ನು ಉಚಿತವಾಗಿಯೇ ಕೊಟ್ಟರು. ಹಿರಿಯರು ಅದನ್ನು ಓಡಿಸುವ ವೇಗ ನೋಡಿ ನಾನು ಬೆರಗಾದೆ. ಮೌಸ್ ಮುಟ್ಟುವುದೇ ಇಲ್ಲ. ಎಚ್ ಒತ್ತಿದರೆ ಪುಟದ ಮುಂದಿನ ತಲೆಬರಹಕ್ಕೆ, ಕೆ ಒತ್ತಿದರೆ ಮುಂದಿನ ಕೊಂಡಿಗೆ, ಟಿ ಒತ್ತಿದರೆ ಕೋಷ್ಟಕಕ್ಕೆ, ಎಫ್ ಒತ್ತಿದರೆ ತುಂಬಬೇಕಾದ ಖಾನೆಗೆ ಹಾರುತ್ತಾರೆ. ಅದರ ಮಾತಿನ ವೇಗ ಎಷ್ಟಿತ್ತೆಂದರೆ ನನಗೆ ಒಂದು ಪದವೂ ಹತ್ತಲಿಲ್ಲ. ನನಗಾಗಿ ನಿಧಾನ ಮಾಡಿದರು.

ಎಚ್ ಒತ್ತಿದರು. ಮುಂದೆ ತಲೆಬರಹ ಇಲ್ಲವೆಂದಿತು. ಪುಟದಲ್ಲಿ ದಪ್ಪ ಅಕ್ಷರದ ತಲೆಬರಹಗಳು ನನ್ನ ಕಣ್ಣಿಗೆ ಕಾಣುತ್ತಲೇ ಇದ್ದವು. ಅಕ್ಷರ ದೊಡ್ಡದು ಮಾಡಿದ್ದರೇ ಹೊರತು ಇದು ತಲೆಬರಹ ಎಂದು ಪುಟದ ಸಂಕೇತದಲ್ಲಿ ಗುರುತಿಸಿರಲಿಲ್ಲ. ಕೆ ಒತ್ತಿದರು. ‘ಕ್ಲಿಕ್ ಹಿಯರ್’ ಎಂದಿತು. ಮತ್ತೆ ‘ಕ್ಲಿಕ್ ಹಿಯರ್’. ಮತ್ತೆ ಅದೇ. ಎಲ್ಲಿಗೆ ಹೋಗುವ ಕೊಂಡಿ ಯಾವುದೆಂದು ಹೇಳುವ ಒಂದು ಪದವೂ ಇಲ್ಲ. ಕೊನೆಗೆ ವೇಳಾಪಟ್ಟಿಯ ಜಾಗ ಸಿಕ್ಕಿತು. ಸ್ಕ್ರೀನ್ ರೀಡರ್ ‘ಗ್ರಾಫಿಕ್’ ಎಂದು ಹೇಳಿ, ಮೊಬೈಲ್ ಕ್ಯಾಮೆರಾ ಕೊಟ್ಟ ಫೈಲಿನ ಹೆಸರನ್ನು, ಉದ್ದನೆಯ ಅಂಕಿಗಳ ಸಾಲನ್ನು ಒಂದೊಂದಾಗಿ ಓದತೊಡಗಿತು. ಯಾರೋ ಕಚೇರಿಯ ಗೋಡೆಗೆ ಅಂಟಿಸಿದ್ದ ಹಾಳೆಯ ಫೋಟೊ ತೆಗೆದು ಹಾಕಿದ್ದರು.

‘ನೀವೇ ಓದಿಬಿಡಿ ಸರ್’ ಎಂದರು. ಓದಿದೆ. ಒಣ ಕಸ ಬುಧವಾರ, ಶನಿವಾರ. ನಾನು ಓದಿ ಹೇಳಿದ್ದು ಅವರಿಗೆ ಸಮಾಧಾನ ತರಲಿಲ್ಲ, ತರಬೇಕಾಗಿಯೂ ಇಲ್ಲ. ಬ್ಯಾಂಕ್ ವ್ಯವಹಾರ, ರೈಲು ಟಿಕೆಟ್ ಎಲ್ಲವನ್ನೂ ಯಾರ ಹಂಗಿಲ್ಲದೆ ಮಾಡಿಕೊಳ್ಳುವ ಮನುಷ್ಯ ತಮ್ಮ ಮನೆಯ ಕಸ ಯಾವತ್ತು ಹೋಗುತ್ತದೆಂದು ನನ್ನನ್ನು ಕೇಳಬೇಕಾಯಿತು.

ಆ ಹಾಳೆಯಲ್ಲಿದ್ದದ್ದು ಹತ್ತು ಸಾಲಿನ ಕೋಷ್ಟಕ. ಅದನ್ನು ಕೋಷ್ಟಕವಾಗಿಯೇ ಟೈಪ್ ಮಾಡಿ, ಮೇಲಿನ ಸಾಲು ಶೀರ್ಷಿಕೆಯ ಸಾಲು ಎಂದು ಗುರುತಿಸಿದ್ದರೆ ಸ್ಕ್ರೀನ್ ರೀಡರ್ ಕೋಷ್ಟಕದ ಒಂದೊಂದು ಚೌಕಕ್ಕೆ ಹೋದಾಗಲೂ ‘ರಸ್ತೆ: 3ನೇ ಅಡ್ಡರಸ್ತೆ, ಒಣ ಕಸ: ಬುಧವಾರ’ ಎಂದು ಹೇಳುತ್ತಿತ್ತು. ಅಂಥ ಪುಟ ಕಟ್ಟಲು ವಿಶೇಷ ತಂತ್ರಜ್ಞಾನ ಬೇಡ. ಕಾಣುವವರಿಗೂ ಅದರಿಂದ ಲಾಭವೇ. ಫೋಟೊ ಹಿಗ್ಗಿಸಿ ಅತ್ತಿತ್ತ ಸರಿಸುವ ಪಾಡು ತಪ್ಪುತ್ತದೆ. ಮುಂದಿನ ತಿಂಗಳು ವೇಳೆ ಬದಲಾದರೆ ಒಂದು ಪದ ತಿದ್ದಿದರಾಯಿತು.

ವೇಳಾಪಟ್ಟಿ ಪಿಡಿಎಫ್ ಆಗಿದ್ದರೆ ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಇದನ್ನು ಬೇರೆ ಭಾಷೆಯ ಕೈಪಿಡಿಗಳು ಹೇಳಿಕೊಡುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಕಚೇರಿಗಳಲ್ಲಿ ಬಹುಕಾಲ ಟೈಪಾದದ್ದು ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ. ಆ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದವು. ನುಡಿಯಲ್ಲಿ ‘ಕನ್ನಡ’ ಎಂದು ಟೈಪಿಸಿದರೆ ಕಂಪ್ಯೂಟರಿನೊಳಗೆ ಉಳಿಯುವುದು ಇಂಗ್ಲಿಷಿನ ಪಿ, ಬ್ರಿಟನ್ನಿನ ಪೌಂಡ್ ಚಿಹ್ನೆ, ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ, ನಡುನಡುವೆ ತಲೆಯ ಮೇಲೆ ಗೀಟಿರುವ ಎ. ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ. ಸ್ಕ್ರೀನ್ ರೀಡರಿಗೆ ತಲೆಬುಡವಿಲ್ಲದ ಗದ್ದಲ. ಕನ್ನಡ ಯುನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಇದೆ. ಆದರೂ ಹಳೆಯ ಫೈಲನ್ನೇ ತೆರೆದು, ದಿನಾಂಕ ಮಾತ್ರ ಬದಲಿಸಿ, ಮತ್ತೆ ಪಿಡಿಎಫ್ ಮಾಡಿ ಏರಿಸುವ ರೂಢಿ ಹೋಗಿಲ್ಲ. ಸುತ್ತೋಲೆಯನ್ನು ಯುನಿಕೋಡ್ ಕನ್ನಡದಲ್ಲಿ ಬರೆಯದ ಸಂಸ್ಥೆ ಬೇರೆ ಏನೇ ಸರಿಪಡಿಸಿದರೂ ಕನ್ನಡ ಬಲ್ಲ ಅಂಧ ಓದುಗರಿಗೆ ಬಾಗಿಲು ತೆರೆಯುವುದಿಲ್ಲ.

ಯುನಿಕೋಡಿನಲ್ಲಿ ಬರೆದ ಮೇಲೂ ಒಂದು ಹೆಜ್ಜೆ ಉಳಿಯುತ್ತದೆ. ಈ ಪುಟದ ಭಾಷೆ ಕನ್ನಡ ಎಂದು ಸಂಕೇತದಲ್ಲಿ ಒಂದು ಸಣ್ಣ ಗುರುತು ಹಾಕಬೇಕು. ಅದಿಲ್ಲದಿದ್ದರೆ ಸ್ಕ್ರೀನ್ ರೀಡರ್ ಇಂಗ್ಲಿಷ್ ಧ್ವನಿಯಲ್ಲೇ ಓದಲು ಹೊರಟು ಕನ್ನಡವನ್ನು ನುಂಗಿಹಾಕಬಹುದು. ಕನ್ನಡ ಓದುವ ಧ್ವನಿಗಳು ಉಚಿತವಾಗಿಯೇ ಇವೆ. ಎನ್‌ವಿಡಿಎ ಜೊತೆಗೆ ಬರುವ ಇ-ಸ್ಪೀಕ್‌ನಲ್ಲೂ ಇದೆ, ಆಂಡ್ರಾಯ್ಡ್ ಫೋನಿನಲ್ಲೂ ಇದೆ.

ದೂರು ಕೊಡುವ ಭಾಗಕ್ಕೆ ಬರೋಣ. ಇಂಥ ಬಹುತೇಕ ಆ್ಯಪುಗಳು, ವೆಬ್‌ಸೈಟುಗಳು ಒಂದೇ ದಾರಿ ಹಿಡಿದಿವೆ. ಮೊದಲು ನಕ್ಷೆ ತೆರೆಯುತ್ತದೆ. ಕೆಂಪು ಪಿನ್ನನ್ನು ಎಳೆದು ನಿಮ್ಮ ಜಾಗದ ಮೇಲೆ ನಿಲ್ಲಿಸಬೇಕು. ಆಮೇಲೆ ಕಸದ ಫೋಟೊ ತೆಗೆದು ಸೇರಿಸಬೇಕು, ಸೇರಿಸದಿದ್ದರೆ ಮುಂದಿನ ಗುಂಡಿ ತೆರೆಯುವುದೇ ಇಲ್ಲ. ಕೊನೆಗೆ ಸೊಟ್ಟಂಬಟ್ಟ ಅಕ್ಷರಗಳ ಕ್ಯಾಪ್ಚಾ. ಮೂರೂ ಹೆಜ್ಜೆಗಳಲ್ಲಿ ಕಣ್ಣು ಬೇಕು. ಪಿನ್ ಎಳೆಯಲು ನಡುಗದ ಕೈಯೂ ಬೇಕು; ಪಾರ್ಕಿನ್‌ಸನ್ ಇರುವವರು ಎಳೆದ ಪಿನ್ ಕೆರೆಯ ನಡುವೆ ಹೋಗಿ ಕೂತರೆ ದೂರೂ ಅಲ್ಲಿಗೇ ಹೋಗುತ್ತದೆ. ಫೋಟೊ ಬೇಕೆನ್ನುವುದಕ್ಕೆ ಕಾರಣವಿದೆ, ಸುಳ್ಳು ದೂರು ತಡೆಯಬೇಕು. ಆದರೆ ತಮ್ಮ ಗೇಟಿನ ಮುಂದಿನ ಕಸದ ನಾತ ಮೂಗಿಗೆ ಬಡಿಯುತ್ತಿರುವ ಅಂಧ ವ್ಯಕ್ತಿ ಅದರ ಫೋಟೊ ತೋರಿಸಿ ರುಜುವಾತು ಮಾಡಬೇಕೆನ್ನುವುದು ಕ್ರೂರ. ವಿಳಾಸ ಟೈಪ್ ಮಾಡುವ ಖಾನೆ ಕೊಡಿ, ಫೋಟೊ ಐಚ್ಛಿಕ ಮಾಡಿ, ಕ್ಯಾಪ್ಚಾ ಬದಲು ಫೋನಿಗೆ ಒಂದು ಒಟಿಪಿ ಕಳಿಸಿ, ಅದನ್ನು ನಕಲಿಸಿ ಅಂಟಿಸಲು ಬಿಡಿ, ಅವಧಿಯನ್ನೂ ಅರ್ಧ ನಿಮಿಷಕ್ಕೆ ಮುಗಿಸಬೇಡಿ. ಇಷ್ಟೇ.

ಇವೆಲ್ಲ ನಾನು ಕೂತಲ್ಲಿ ಹೊಸೆದ ಬೇಡಿಕೆಗಳಲ್ಲ. ವೆಬ್ಬಿನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 1999ರಲ್ಲೇ ಸುಗಮ್ಯತೆಯ ಮಾರ್ಗಸೂಚಿಯನ್ನು ಹೊರತಂದಿತು. ಡಬ್ಲ್ಯುಸಿಎಜಿ ಎಂಬ ಆ ಮಾರ್ಗಸೂಚಿಯ 2.2ನೇ ಆವೃತ್ತಿ ಬಂದದ್ದು 2023ರ ಅಕ್ಟೋಬರ್‌ನಲ್ಲಿ. ಎಳೆದು ಮಾಡುವ ಕೆಲಸಕ್ಕೆ ಎಳೆಯದೆ ಮಾಡುವ ದಾರಿಯೂ ಇರಬೇಕು, ಲಾಗಿನ್ ಆಗಲು ಒಗಟು ಬಿಡಿಸುವಂತೆ ಮಾಡಬಾರದು, ಒತ್ತುವ ಗುಂಡಿಗಳು ಬೆರಳಿಗೆ ಸಿಗದಷ್ಟು ಚಿಕ್ಕದಾಗಿರಬಾರದು, ಒಮ್ಮೆ ತುಂಬಿದ ವಿವರವನ್ನು ಅದೇ ಅರ್ಜಿಯಲ್ಲಿ ಮತ್ತೆ ಕೇಳಬಾರದು ಎಂಬ ಮಾತುಗಳು ಅದರಲ್ಲಿವೆ. ಓದುತ್ತ ಹೋದರೆ ಯಾರೋ ನಮ್ಮ ಕಸದ ಆ್ಯಪುಗಳನ್ನೇ ಮುಂದಿಟ್ಟುಕೊಂಡು ಬರೆದಂತಿದೆ. ಭಾರತದಲ್ಲಿ ಸರ್ಕಾರಿ ವೆಬ್‌ಸೈಟುಗಳಿಗೆ ಜಿಐಜಿಡಬ್ಲ್ಯು ಎಂಬ ಮಾರ್ಗಸೂಚಿ ಇದೆ, ಐಎಸ್ 17802 ಎಂಬ ಭಾರತೀಯ ಮಾನಕವೂ ಇದೆ.

ಬಣ್ಣದ ವಿಷಯ ಕಸಕ್ಕೇ ವಿಶೇಷವಾದದ್ದು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಬೆಂಗಳೂರಿಗೆ ‘ಎರಡು ಡಬ್ಬಿ, ಒಂದು ಚೀಲ’ ಪದ್ಧತಿಯನ್ನು ಕಡ್ಡಾಯ ಮಾಡಿತು: ಹಸಿ ಕಸಕ್ಕೆ ಹಸಿರು ಡಬ್ಬಿ, ಸ್ಯಾನಿಟರಿ ಕಸಕ್ಕೆ ಕೆಂಪು ಡಬ್ಬಿ, ಒಣ ಕಸಕ್ಕೆ ಚೀಲ. ಬಣ್ಣಗುರುಡು ಇರುವವರಲ್ಲಿ ಹೆಚ್ಚಿನವರಿಗೆ ಗೊಂದಲವಾಗುವುದು ಈ ಕೆಂಪು ಹಸಿರುಗಳ ನಡುವೆಯೇ. ಡಬ್ಬಿಗಳನ್ನು ಮನೆಯಲ್ಲಿ ಜಾಗ ನೋಡಿ ನೆನಪಿಟ್ಟುಕೊಳ್ಳಬಹುದು. ವೆಬ್‌ಸೈಟಿನ ಕ್ಯಾಲೆಂಡರಿನಲ್ಲಿ ಸೋಮವಾರದ ಮೇಲೆ ಹಸಿರು ಚುಕ್ಕೆ, ಬುಧವಾರದ ಮೇಲೆ ಕೆಂಪು ಚುಕ್ಕೆ ಇಟ್ಟು ಸುಮ್ಮನಾದರೆ ಅವರಿಗೆ ಎರಡೂ ಒಂದೇ ಕಂದು ಚುಕ್ಕೆ. ಚುಕ್ಕೆಯ ಪಕ್ಕ ‘ಹಸಿ’, ‘ಸ್ಯಾನಿಟರಿ’ ಎಂದು ಬರೆದರೆ ಮುಗಿಯಿತು. ಮಂದದೃಷ್ಟಿ ಇರುವವರ ಕಷ್ಟವೂ ಇಲ್ಲೇ ಇದೆ. ಬಿಳಿ ಹಿನ್ನೆಲೆಯ ಮೇಲೆ ತೆಳು ಬೂದು ಅಕ್ಷರ, ಹಳದಿ ಪಟ್ಟಿಯ ಮೇಲೆ ಬಿಳಿ ಅಕ್ಷರ ವಿನ್ಯಾಸಕಾರರಿಗೆ ಚೆಂದ ಕಾಣುತ್ತದೆ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಅನುಪಾತದ ವ್ಯತ್ಯಾಸ ಇರಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಬಿಸಿಲಲ್ಲಿ ನಿಂತು ಮೊಬೈಲ್ ನೋಡುವ ಎಲ್ಲರಿಗೂ ಅದು ಬೇಕು.

ಅಮೆರಿಕದ ಯೂಟಾ ರಾಜ್ಯದ ವಿಶ್ವವಿದ್ಯಾಲಯವೊಂದರ ವೆಬ್‌ಏಮ್ ಎಂಬ ತಂಡ ಪ್ರತಿವರ್ಷ ಜಗತ್ತಿನ ಹತ್ತು ಲಕ್ಷ ಜನಪ್ರಿಯ ಮುಖಪುಟಗಳನ್ನು ಯಂತ್ರದ ಮೂಲಕ ಪರೀಕ್ಷಿಸುತ್ತದೆ. 2025ರಲ್ಲಿ ಶೇಕಡ 94.8ರಷ್ಟು ಪುಟಗಳಲ್ಲಿ ದೋಷಗಳು ಕಂಡವು. ಮಂಕು ಅಕ್ಷರ, ವಿವರಣೆ ಇಲ್ಲದ ಚಿತ್ರ, ಹೆಸರಿಲ್ಲದ ಖಾನೆ, ಖಾಲಿ ಕೊಂಡಿ, ಖಾಲಿ ಗುಂಡಿ, ಭಾಷೆ ಹೇಳದ ಪುಟ: ಸಿಕ್ಕ ದೋಷಗಳಲ್ಲಿ ಬಹುಪಾಲು ಈ ಆರೇ. ಈ ಆರನ್ನೂ ಒಬ್ಬ ಸಾಧಾರಣ ಡೆವಲಪರ್ ಸರಿಪಡಿಸಬಲ್ಲ. ಕಸದ ಸಂಸ್ಥೆಯ ವೆಬ್‌ಸೈಟು ಬ್ಯಾಂಕಿನದಷ್ಟು ದೊಡ್ಡದೂ ಅಲ್ಲ. ನಾಲ್ಕೈದು ಪುಟ, ಎರಡು ಅರ್ಜಿ, ಒಂದು ಪಾವತಿ.

ಸರಿಪಡಿಸುವುದನ್ನು ಬಿಟ್ಟು ಅಡ್ಡದಾರಿ ಹಿಡಿಯುವವರೂ ಇದ್ದಾರೆ. ಪುಟದ ಮೂಲೆಯಲ್ಲಿ ಗಾಲಿಕುರ್ಚಿಯ ಚಿತ್ರವಿರುವ ಒಂದು ಗುಂಡಿ ಕಾಣಿಸುತ್ತದೆ. ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ, ಬಣ್ಣ ಬದಲಾಗುತ್ತದೆ. ಇದೊಂದನ್ನು ಅಂಟಿಸಿದರೆ ವೆಬ್‌ಸೈಟು ಕಾನೂನಿಗೆ ತಕ್ಕಂತೆ ಆಗುತ್ತದೆ ಎಂದು ಮಾರುವ ಕಂಪನಿಗಳಿವೆ. ಅಕ್ಷರ ದೊಡ್ಡದು ಮಾಡುವ ವ್ಯವಸ್ಥೆ ಬ್ರೌಸರಿನಲ್ಲೇ ಇದೆ. ಸ್ಕ್ರೀನ್ ರೀಡರ್ ಬಳಸುವವರ ಹತ್ತಿರ ಸ್ಕ್ರೀನ್ ರೀಡರ್ ಇದ್ದೇ ಇದೆ. ಅವರಿಗೆ ಬೇಕಾದದ್ದು ಸರಿಯಾಗಿ ಕಟ್ಟಿದ ಪುಟ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ ಆಕ್ಸೆಸಿಬಿ ಎಂಬ ಕಂಪನಿ 10 ಲಕ್ಷ ಡಾಲರ್ ಕಟ್ಟಬೇಕೆಂದು ಆದೇಶಿಸಿತು. ತನ್ನ ಉಪಕರಣ ಯಾವ ವೆಬ್‌ಸೈಟನ್ನಾದರೂ ಮಾರ್ಗಸೂಚಿಗೆ ತಕ್ಕಂತೆ ಮಾಡಬಲ್ಲದೆಂದು ಹೇಳಿಕೊಂಡದ್ದು ದಾರಿ ತಪ್ಪಿಸುವ ಮಾತೆಂಬುದು ಆರೋಪ. ನಮ್ಮ ಸಂಸ್ಥೆಗಳು ಇಂಥ ಗುಂಡಿಗೆ ಹಣ ಸುರಿಯುವ ಮುನ್ನ ಈ ಪ್ರಕರಣವನ್ನೊಮ್ಮೆ ಓದಬೇಕು.

ಕಾನೂನು ನಮ್ಮಲ್ಲೂ ಗಟ್ಟಿಯಾಗಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 46ನೇ ಕಲಂ ಸೇವೆ ಒದಗಿಸುವವರು ಸರ್ಕಾರಿಯಾಗಲಿ ಖಾಸಗಿಯಾಗಲಿ ಸುಗಮ್ಯತೆಯ ನಿಯಮಗಳಿಗೆ ಬದ್ಧರು ಎನ್ನುತ್ತದೆ. ಗುತ್ತಿಗೆ ಹಿಡಿದ ಕಸದ ಸಂಸ್ಥೆ ‘ನಾವು ಖಾಸಗಿ’ ಎಂದು ನುಣುಚಿಕೊಳ್ಳುವಂತಿಲ್ಲ. ರಾಜೀವ್ ರತೂರಿ ಎಂಬ ದೃಷ್ಟಿದೋಷವುಳ್ಳ ಹೋರಾಟಗಾರರು 2005ರಲ್ಲಿ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಮಹತ್ವದ ತೀರ್ಪು ಕೊಟ್ಟಿತು. ಸುಗಮ್ಯತೆಯ ಮಾನದಂಡಗಳನ್ನು ಬರೀ ಸಲಹೆಯಂತೆ ಇಟ್ಟಿರುವ ನಿಯಮ ಕಾಯ್ದೆಗೇ ವಿರುದ್ಧ, ಕಡ್ಡಾಯವಾದ ಮಾನದಂಡಗಳನ್ನು ರೂಪಿಸಿ ಎಂದಿತು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದ ತೀರ್ಪು ಬಂತು. ಆಸಿಡ್ ದಾಳಿಗೆ ಒಳಗಾದವರು ಬ್ಯಾಂಕ್ ಖಾತೆ ತೆರೆಯಲು ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕಿತ್ತು, ಅವರಿಗೆ ಅದು ಆಗುತ್ತಿರಲಿಲ್ಲ. ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಕೋರ್ಟ್ ಅಲ್ಲಿ ಹೇಳಿತು. ಫೋಟೊ ಇಲ್ಲದೆ ದೂರು ಸ್ವೀಕರಿಸದ ಕಸದ ಆ್ಯಪಿಗೂ ಕಣ್ಣು ಮಿಟುಕಿಸದೆ ಖಾತೆ ಕೊಡದ ಬ್ಯಾಂಕಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವಿಕಲರು 13.24 ಲಕ್ಷ. ಆಗ ಎಣಿಸಿದ್ದು ಎಂಟು ಬಗೆಯ ವೈಕಲ್ಯಗಳನ್ನು. 2016ರ ಕಾಯ್ದೆ ಗುರುತಿಸಿದ್ದು 21.

ಬ್ರಿಟನ್ನಿನ ಸ್ಥಳೀಯ ಆಡಳಿತಗಳ ಪುಟಗಳಿಂದ ಕಲಿಯಬೇಕಾದದ್ದಿದೆ. ಅಲ್ಲಿ 2018ರ ನಿಯಮದಂತೆ ಸಾರ್ವಜನಿಕ ಸಂಸ್ಥೆಗಳ ವೆಬ್‌ಸೈಟುಗಳು ಸುಗಮ್ಯವಾಗಿರಬೇಕು, ಎಲ್ಲಿ ಇನ್ನೂ ಆಗಿಲ್ಲ ಎಂಬುದನ್ನೂ ಪುಟದಲ್ಲಿ ಬರೆದು ಪ್ರಕಟಿಸಬೇಕು. ಹಾಗೆ ಬಹಿರಂಗವಾಗಿ ಬರೆಯಬೇಕಾಗಿ ಬಂದಾಗ ಕೆಲಸ ತಾನಾಗಿ ಚುರುಕಾಗುತ್ತದೆ. ಅಲ್ಲಿ ಪೋಸ್ಟ್‌ಕೋಡ್ ಕೊಟ್ಟು ವಿಳಾಸ ಆರಿಸಿದರೆ ಮುಂದಿನ ಕಸದ ದಿನ ಯಾವುದೆಂದು ಅಕ್ಷರದಲ್ಲಿ ಬರುತ್ತದೆ. ಡಬ್ಬಿಯನ್ನು ರಸ್ತೆಯವರೆಗೆ ತರಲಾಗದವರಿಗೆ ಬಾಗಿಲಿನಿಂದಲೇ ಒಯ್ಯುವ ಸೇವೆಯೂ ಇದೆ. ಅದಕ್ಕೆ ಅದೇ ವೆಬ್‌ಸೈಟಿನಲ್ಲಿ ಅರ್ಜಿ ಹಾಕಬಹುದು. ಇಂಥ ಒಂದು ಅರ್ಜಿ ನಮ್ಮ ನಗರಗಳಲ್ಲೂ ಬೇಕು. ಆ ಅರ್ಜಿಯೇ ಕುರುಡರಿಗೆ ತುಂಬಲು ಬಾರದಂತಿದ್ದರೆ ಸೇವೆಯಿದ್ದೂ ವ್ಯರ್ಥ.

ವಿಳಾಸ ಕೇಳಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಬೆಂಗಳೂರಿನದೇ ಕಾರಣವಿದೆ. ನಮ್ಮ ಪುಟಗಳು ಮೊದಲು ಕೇಳುವುದು ವಾರ್ಡ್ ನಂಬರು. 198 ಇದ್ದ ವಾರ್ಡುಗಳು 243 ಆದವು, ಮತ್ತೆ 225ಕ್ಕೆ ಇಳಿದವು. ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ಐದು ಪಾಲಿಕೆಗಳಾದ ಮೇಲೆ ಗಡಿಗಳನ್ನು ಮತ್ತೊಮ್ಮೆ ಎಳೆದರು. ತಮ್ಮ ವಾರ್ಡ್ ಯಾವುದೆಂದು ಥಟ್ಟನೆ ಹೇಳಬಲ್ಲವರು ಎಷ್ಟು ಜನ? ನೂರಾರು ಹೆಸರುಗಳ ಪಟ್ಟಿಯನ್ನು ಬಾಣದ ಕೀಲಿ ಒತ್ತುತ್ತ ಒಂದೊಂದಾಗಿ ಕೇಳಿಸಿಕೊಂಡು ಹೋಗುವವರ, ಬುದ್ಧಿಮಾಂದ್ಯ ಇರುವ ತರುಣನ, ಓದಲು ತ್ರಾಸಪಡುವ ಹೆಂಗಸಿನ ಪಾಡು ಊಹಿಸಿ. ಬೀದಿಯ ಹೆಸರು ಎಲ್ಲರಿಗೂ ಗೊತ್ತು.

ಕಿವುಡರ ಮಾತು ಇಂಥ ಚರ್ಚೆಗಳಲ್ಲಿ ಹಿಂದೆ ಬೀಳುತ್ತದೆ, ಏಕೆಂದರೆ ಪುಟ ಅವರಿಗೆ ಕಾಣುತ್ತದೆ. ಆದರೆ ದೂರಿನ ಕೊನೆಯ ಹೆಜ್ಜೆ ‘ನಮ್ಮ ಸಿಬ್ಬಂದಿ ಕರೆ ಮಾಡುತ್ತಾರೆ’ ಎಂದಿರುತ್ತದೆ. ಕರೆ ಬರುತ್ತದೆ, ಎತ್ತಿದರೂ ಮಾತನಾಡಲಾಗುವುದಿಲ್ಲ, ಪ್ರತಿಕ್ರಿಯೆ ಇಲ್ಲವೆಂದು ದೂರು ಮುಚ್ಚಿಹೋಗುತ್ತದೆ. ‘ಮೆಸೇಜ್ ಮಾತ್ರ ಕಳಿಸಿ’ ಎಂಬ ಒಂದು ಆಯ್ಕೆ ಇದನ್ನು ಬಗೆಹರಿಸುತ್ತದೆ. ಕಸ ವಿಂಗಡಣೆಯ ವಿಡಿಯೊಗಳಿಗೆ ಕೆಳಗೆ ಅಕ್ಷರ ಹಾಕಬೇಕು. ಹುಟ್ಟಿನಿಂದ ಕಿವಿ ಕೇಳದ ಹಲವರಿಗೆ ಸಂಜ್ಞೆಯೇ ಮೊದಲ ಭಾಷೆ, ಬರೆದ ಕನ್ನಡ ಆಮೇಲೆ ಕಲಿತದ್ದು. ‘ತ್ಯಾಜ್ಯವನ್ನು ಮೂಲದಲ್ಲಿಯೇ ವಿಂಗಡಿಸತಕ್ಕದ್ದು’ ಎಂಬಂಥ ಕಚೇರಿ ಕನ್ನಡ ಅವರಿಗೆ ಎಟುಕದು. ‘ಹಸಿ ಕಸ, ಒಣ ಕಸ ಮನೆಯಲ್ಲೇ ಬೇರೆ ಮಾಡಿ’ ಎಂದರೆ ಅವರಿಗೂ ತಿಳಿಯುತ್ತದೆ, ನಮಗೂ ತಿಳಿಯುತ್ತದೆ.

ಹಾಗಾದರೆ ಸಂಸ್ಥೆಯವರು ಎಲ್ಲಿಂದ ಶುರು ಮಾಡಬೇಕು? ದೋಷ ಹುಡುಕುವ ಉಪಕರಣಗಳು ಉಚಿತವಾಗಿ ಸಿಗುತ್ತವೆ, ಅವುಗಳಿಂದ ಶುರು ಮಾಡಬಹುದು. ಚಿತ್ರಕ್ಕೆ ವಿವರಣೆ ಇದೆಯೇ ಎಂದು ಯಂತ್ರ ಹೇಳುತ್ತದೆ. ವಿವರಣೆಯಲ್ಲಿ ‘ಚಿತ್ರ 1’ ಎಂದಷ್ಟೇ ಬರೆದಿದ್ದರೆ ಅದು ಪಾಸು ಮಾಡಿಬಿಡುತ್ತದೆ. ಇನ್ನೊಂದು ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಮೌಸ್ ತೆಗೆದಿಟ್ಟು ಟ್ಯಾಬ್ ಕೀಲಿ ಒಂದರಿಂದಲೇ ದೂರಿನ ಅರ್ಜಿಯ ಕೊನೆ ಮುಟ್ಟಲು ಬರುತ್ತದೆಯೇ ನೋಡಿ. ಕೈ ಸ್ವಾಧೀನವಿಲ್ಲದೆ ಬಾಯಲ್ಲಿ ಕಡ್ಡಿ ಹಿಡಿದು ಕೀಲಿ ಒತ್ತುವವರೂ ಹೀಗೆಯೇ ಬರುವುದು. ಅಷ್ಟಾದ ಮೇಲೆ ಅಂಗವಿಕಲರನ್ನೇ ಕರೆದು, ‘ನಿಮ್ಮ ಬೀದಿಗೆ ಒಣ ಕಸದ ಗಾಡಿ ಯಾವತ್ತು ಬರುತ್ತದೆ ಹುಡುಕಿ, ಬಂದಿಲ್ಲವೆಂದು ದೂರು ಕೊಡಿ, ಶುಲ್ಕ ಕಟ್ಟಿ’ ಎಂದು ಮೂರು ಕೆಲಸ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕೂರಬೇಕು. ಅವರ ಸಮಯಕ್ಕೆ ಹಣ ಕೊಡಬೇಕು. ಇದು ಪರಿಣತರ ಕೆಲಸ. ಎನೇಬಲ್ ಇಂಡಿಯಾ, ಮಿತ್ರಜ್ಯೋತಿಯಂಥ ಸಂಸ್ಥೆಗಳು ದಶಕಗಳಿಂದ ಇರುವ ಬೆಂಗಳೂರಿನಲ್ಲಿ ಕಂಪ್ಯೂಟರ್ ಬಲ್ಲ ಅಂಧರಿಗೆ ಕೊರತೆಯಿಲ್ಲ. ಆ ಹಿರಿಯರಂಥ ಒಬ್ಬರನ್ನು ಒಂದು ಬೆಳಗ್ಗೆ ಕೂರಿಸಿದ್ದರೆ ಸಂಸ್ಥೆಗೆ ತನ್ನ ವೆಬ್‌ಸೈಟಿನ ಎಲ್ಲ ಹುಳುಕೂ ಊಟದ ಹೊತ್ತಿಗೆ ಗೊತ್ತಾಗುತ್ತಿತ್ತು.

ಟೆಂಡರಿನ ಪತ್ರದಲ್ಲೂ ಇದು ಸೇರಬೇಕು. ಎಷ್ಟು ಟಿಪ್ಪರ್, ಎಷ್ಟು ಕಾಂಪ್ಯಾಕ್ಟರ್, ಎಷ್ಟು ಜನ ಎಂದು ಪುಟಗಟ್ಟಲೆ ಬರೆಯುವಲ್ಲಿ ವೆಬ್‌ಸೈಟು ಮತ್ತು ಆ್ಯಪು ಯಾವ ಮಾನದಂಡಕ್ಕೆ ಹೊಂದಬೇಕು, ಯಾರು ಪರೀಕ್ಷಿಸಬೇಕು, ಹೊಂದದಿದ್ದರೆ ಬಿಲ್ಲಿನಲ್ಲಿ ಎಷ್ಟು ಕಡಿತ ಎಂಬುದಕ್ಕೆ ಒಂದು ಪುಟ ಮೀಸಲಿಡಲಿ. ಅಮೆರಿಕ 2024ರಲ್ಲಿ ಸ್ಥಳೀಯ ಸರ್ಕಾರಗಳಿಗೆ ಮಾಡಿದ ನಿಯಮದಲ್ಲಿ ಗುತ್ತಿಗೆದಾರರ ಮೂಲಕ ಕೊಡುವ ವೆಬ್ ಸೇವೆಗೂ ಸರ್ಕಾರವೇ ಹೊಣೆ ಎಂದು ಸ್ಪಷ್ಟವಾಗಿ ಬರೆದಿದೆ. ಇಲ್ಲಿಯೂ ಹಾಗೆ ಆಗದಿದ್ದರೆ ಪಾಲಿಕೆ ಗುತ್ತಿಗೆದಾರನ ಕಡೆ, ಗುತ್ತಿಗೆದಾರ ವೆಬ್‌ಸೈಟ್ ಮಾಡಿಕೊಟ್ಟವನ ಕಡೆ ಬೆರಳು ತೋರಿಸುತ್ತ ದಿನ ಕಳೆಯುತ್ತಾರೆ.

ಒಮ್ಮೆ ಸರಿಯಾದ ಪುಟ ಮತ್ತೆ ಕೆಡುವುದು ದಿನನಿತ್ಯದ ಸೂಚನೆಗಳಿಂದ. ಹಬ್ಬ ಬಂತು, ಗಾಡಿ ಕೆಟ್ಟಿತು, ಪೌರಕಾರ್ಮಿಕರ ಮುಷ್ಕರ ನಡೆಯಿತು. ಕಚೇರಿಯ ಗುಮಾಸ್ತರು ಲೆಟರ್‌ಹೆಡ್ ಮೇಲೆ ಸೂಚನೆ ಅಚ್ಚು ಹಾಕಿ, ಸಹಿ ಮಾಡಿಸಿ, ಫೋಟೊ ಹೊಡೆದು, ವೆಬ್‌ಸೈಟಿಗೂ ನಿವಾಸಿಗಳ ವಾಟ್ಸ್ಆ್ಯಪ್ ಗುಂಪಿಗೂ ಹಾಕುತ್ತಾರೆ. ಆ ಗುಮಾಸ್ತರಿಗೆ ಅರ್ಧ ದಿನದ ತರಬೇತಿ ಸಾಕು. ಫೋಟೊ ಬೇಕಿದ್ದರೆ ಇರಲಿ, ಅದರ ಜೊತೆಗೆ ಮಾತನ್ನು ಟೈಪ್ ಮಾಡಿ ಹಾಕಬೇಕು, ದಿನ ಮತ್ತು ಬೀದಿ ಮೊದಲ ಸಾಲಿನಲ್ಲೇ ಬರಬೇಕು: ‘ಬುಧವಾರ 3ನೇ ಅಡ್ಡರಸ್ತೆಗೆ ಒಣ ಕಸದ ಗಾಡಿ ಬರುವುದಿಲ್ಲ. ಅದರ ಬದಲು ಶುಕ್ರವಾರ ಬೆಳಿಗ್ಗೆ 7 ಗಂಟೆಗೆ ಬರುತ್ತದೆ. ಕೆಳಗೆ ಇಳಿಯಲು ಆಗದವರು ಈ ನಂಬರಿಗೆ ಮೆಸೇಜ್ ಮಾಡಿ, ಬಾಗಿಲಿಗೇ ಬಂದು ಒಯ್ಯುತ್ತೇವೆ.’